ಬಳ್ಳಾರಿ ರಸ್ತೆಯ ಕಾಲೇಜುಗಳು: ಸೆಂಟ್ರಲ್ ಕಾಲೇಜಿನಿಂದ ಹುಣಸಮಾರನಹಳ್ಳಿಯವರೆಗೆ

ಬೆಳಿಗ್ಗೆ ಎಂಟು ಗಂಟೆಗೆ ಹುಣಸಮಾರನಹಳ್ಳಿಯ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಹೆಬ್ಬಾಳ, ಯಲಹಂಕದ ಕಡೆಯಿಂದ ಬರುವ ಬಸ್ಸುಗಳಿಂದ ಇಳಿಯುವ ಹುಡುಗ ಹುಡುಗಿಯರ ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ ಇರುತ್ತದೆ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯಿಂದ ಬರುವ ಬಸ್ಸುಗಳಲ್ಲೂ ಅದೇ ನೋಟ. ಕೆಲವರು ಇಲ್ಲೇ ಇಳಿಯುತ್ತಾರೆ, ಕೆಲವರು ಮುಂದೆ ಯಲಹಂಕಕ್ಕೋ, ಶಹರಕ್ಕೋ ಹೋಗುತ್ತಾರೆ. ಒಂದು ಕಾಲದಲ್ಲಿ ಹೊಲ, ತೋಟ, ಕೆರೆ ಬಿಟ್ಟರೆ ಬೇರೇನೂ ಇಲ್ಲದಿದ್ದ ಈ ರಸ್ತೆಯ ಎರಡೂ ಬದಿಯಲ್ಲಿ ಇಂದು ಇಂಜಿನಿಯರಿಂಗ್ ಕಾಲೇಜು, ದಂತ ವೈದ್ಯಕೀಯ ಕಾಲೇಜು, ಕೃಷಿ ವಿಶ್ವವಿದ್ಯಾಲಯ, ಖಾಸಗಿ ವಿಶ್ವವಿದ್ಯಾಲಯ, ದೇಶದ ಹೆಸರಾಂತ ಸಂಶೋಧನಾ ಕೇಂದ್ರ ಎಲ್ಲವೂ ಇವೆ.

ಇಷ್ಟೆಲ್ಲ ಹೇಗೆ ಬಂತು? ಯಾರು ಕಟ್ಟಿದರು? ಯಾರಿಗಾಗಿ ಕಟ್ಟಿದರು? ಎಲ್ಲಕ್ಕಿಂತ ಮುಖ್ಯವಾಗಿ, ಆ ಬಸ್ಸಿನಿಂದ ಇಳಿಯುವವರಲ್ಲಿ ನಮ್ಮ ಮನೆಗಳ ಮಕ್ಕಳು ಎಷ್ಟು ಮಂದಿ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದರೆ ನಾವು ಸುಮಾರು ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲ ಕಾಲೇಜು

ಬೆಂಗಳೂರಿನ ಉನ್ನತ ಶಿಕ್ಷಣದ ಕಥೆ ಸೆಂಟ್ರಲ್ ಕಾಲೇಜಿನಿಂದ ಆರಂಭವಾಗುತ್ತದೆ. 1858ರಲ್ಲಿ ಅದು ಹೈಸ್ಕೂಲಾಗಿ ಪ್ರಾರಂಭವಾಯಿತು. ರೆವರೆಂಡ್ ಜಾನ್ ಗ್ಯಾರೆಟ್ ಅದರ ಮೊದಲ ಪ್ರಿನ್ಸಿಪಾಲರು. 1875ರಲ್ಲಿ ಅದು ಸೆಂಟ್ರಲ್ ಕಾಲೇಜು ಎಂಬ ಹೆಸರು ಪಡೆಯಿತು. ಆಗ ಮೈಸೂರು ಸಂಸ್ಥಾನಕ್ಕೆ ಸ್ವಂತ ವಿಶ್ವವಿದ್ಯಾಲಯ ಇರಲಿಲ್ಲ. ಓದುವುದು ಬೆಂಗಳೂರಿನಲ್ಲಾದರೂ ಪದವಿ ಕೊಡುತ್ತಿದ್ದುದು 1857ರಲ್ಲಿ ಸ್ಥಾಪನೆಯಾಗಿದ್ದ ಮದರಾಸು ವಿಶ್ವವಿದ್ಯಾಲಯ. 1882ರಲ್ಲಿ ದಂಡು ಪ್ರದೇಶದಲ್ಲಿ ಸೇಂಟ್ ಜೋಸೆಫ್ಸ್ ಸಂಸ್ಥೆ ಆರಂಭವಾಯಿತು. ಬಹುಕಾಲ ಬೆಂಗಳೂರಿನ ಸುತ್ತಮುತ್ತಲಿನ ಹಳ್ಳಿಗಳ ಹುಡುಗರಿಗೆ ಕಾಲೇಜು ಎಂದರೆ ಸೆಂಟ್ರಲ್ ಕಾಲೇಜೇ.

ಈ ಕಾಲೇಜಿನಲ್ಲಿ ಓದಿದ ಮೂವರನ್ನು ಇಲ್ಲಿ ನೆನಪಿಸಿಕೊಳ್ಳುವುದು ಸೂಕ್ತ. ಮೊದಲನೆಯವರು ಮೋಕ್ಷಗುಂಡಂ ವಿಶ್ವೇಶ್ವರಯ್ಯ. 1861ರಲ್ಲಿ ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಆಮೇಲೆ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು. ಎರಡನೆಯವರು ಮಿರ್ಜಾ ಇಸ್ಮಾಯಿಲ್. ಪರ್ಷಿಯಾದಿಂದ ಬಂದು ಬೆಂಗಳೂರಿನಲ್ಲಿ ಕುದುರೆ ವ್ಯಾಪಾರ ಮಾಡುತ್ತಿದ್ದ ಆಗಾ ಅಲಿ ಅಸ್ಕರ್ ಅವರ ಮೊಮ್ಮಗ. 1883ರಲ್ಲಿ ಜನಿಸಿದ ಅವರು ಬಾಲ್ಯದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ, ಮುಂದೆ ಸೆಂಟ್ರಲ್ ಕಾಲೇಜಿನ ಪದವೀಧರ, 1926ರಿಂದ 1941ರವರೆಗೆ ಮೈಸೂರಿನ ದಿವಾನರು. ಮೂರನೆಯವರು ನಮಗೆಲ್ಲ ಪ್ರಿಯರಾದ ಕವಿ ಕೆ. ಎಸ್. ನಿಸಾರ್ ಅಹಮದ್. 1936ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿ, ಸೆಂಟ್ರಲ್ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು, ಅದೇ ವಿಷಯದ ಅಧ್ಯಾಪಕರಾಗಿ ದುಡಿದರು. 2020ರಲ್ಲಿ ಅವರು ನಮ್ಮನ್ನು ಅಗಲಿದರು.

ಮುದ್ದೇನಹಳ್ಳಿ, ದೇವನಹಳ್ಳಿ ಎರಡೂ ಇರುವುದು ಇದೇ ರಸ್ತೆಯ ದಿಕ್ಕಿನಲ್ಲಿ. ಅಂದರೆ ಇಂದು ಹುಣಸಮಾರನಹಳ್ಳಿಯ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವ ವಿದ್ಯಾರ್ಥಿ, ಇದೇ ಸೀಮೆಯಿಂದ ವಿದ್ಯೆ ಅರಸಿ ಬೆಂಗಳೂರಿಗೆ ಹೋದ ಒಬ್ಬ ಇಂಜಿನಿಯರ್ ಮತ್ತು ಒಬ್ಬ ಕವಿಯ ದಾರಿಯಲ್ಲೇ ನಿಂತಿದ್ದಾನೆ.

ಸ್ವಂತ ವಿಶ್ವವಿದ್ಯಾಲಯ

ಪಠ್ಯವನ್ನು ನಿಗದಿ ಮಾಡುವುದು, ಪರೀಕ್ಷೆ ನಡೆಸುವುದು, ಹೊಸ ವಿಷಯ ಆರಂಭಿಸಲು ಅನುಮತಿ ನೀಡುವುದು ಎಲ್ಲವೂ ಮದರಾಸಿನ ಕೈಯಲ್ಲಿದ್ದರೆ ಸಂಸ್ಥಾನಕ್ಕೆ ಬೇಕಾದ ವಿದ್ಯೆ ಬೆಳೆಯುವುದು ಕಷ್ಟ. ಈ ಮಾತನ್ನು ನಾಲ್ವಡಿ ಕೃಷ್ಣರಾಜ ಒಡೆಯರೂ, 1912ರಲ್ಲಿ ದಿವಾನರಾದ ವಿಶ್ವೇಶ್ವರಯ್ಯನವರೂ ಮನಗಂಡಿದ್ದರು. 1913ರಲ್ಲಿ ಸಂಸ್ಥಾನವು ಪ್ರಾಥಮಿಕ ಶಿಕ್ಷಣಕ್ಕೆ ಕಾನೂನು ತಂದಿತು. 1916ರ ಜುಲೈಯಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ದೇಶೀಯ ಸಂಸ್ಥಾನವೊಂದು ಸ್ಥಾಪಿಸಿದ ಮೊದಲ ವಿಶ್ವವಿದ್ಯಾಲಯ ಇದು. ಮಹಾರಾಜರು ಕುಲಾಧಿಪತಿಗಳು, ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಮೈಸೂರಿನ ಮಹಾರಾಜಾ ಕಾಲೇಜು ಕಲಾ ವಿಷಯಗಳಿಗೂ, ಬೆಂಗಳೂರಿನ ಸೆಂಟ್ರಲ್ ಕಾಲೇಜು ವಿಜ್ಞಾನಕ್ಕೂ ಕೇಂದ್ರವಾದವು. 1917ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಅದೇ ಇಂದಿನ ಯು.ವಿ.ಸಿ.ಇ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಆಗ ಇಂದಿನ ಕರ್ನಾಟಕ ಒಂದೇ ಆಡಳಿತದಲ್ಲಿ ಇರಲಿಲ್ಲ. ಧಾರವಾಡ, ಬಿಜಾಪುರದ ವಿದ್ಯಾರ್ಥಿ ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆ ಬರೆಯುತ್ತಿದ್ದ. ಮಂಗಳೂರಿನವನಿಗೆ ಮದರಾಸು. ಗುಲ್ಬರ್ಗಾ, ಬೀದರ್, ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ಅಲ್ಲಿಯವರಿಗೆ 1918ರಲ್ಲಿ ಉರ್ದು ಮಾಧ್ಯಮದಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ. ಧಾರವಾಡಕ್ಕೆ ತನ್ನದೇ ಆದ ಕರ್ನಾಟಕ ವಿಶ್ವವಿದ್ಯಾಲಯ ಬಂದದ್ದು 1949ರಲ್ಲಿ. 1956ರಲ್ಲಿ ಕನ್ನಡ ನಾಡು ಒಂದಾದ ಮೇಲೆಯೇ ಒಂದೇ ಶಿಕ್ಷಣ ನೀತಿಯಡಿ ಇಡೀ ರಾಜ್ಯದ ಕಾಲೇಜುಗಳನ್ನು ನೋಡುವುದು ಸಾಧ್ಯವಾಯಿತು.

ಬಾಗಿಲು ತೆರೆದರೆ ಸಾಲದು

ವಿಶ್ವವಿದ್ಯಾಲಯ ಬಂತು, ಕಾಲೇಜುಗಳು ಬಂದವು. ಆದರೆ ಒಳಗೆ ಹೋದವರು ಯಾರು? ಸರ್ಕಾರಿ ಹುದ್ದೆಗಳಲ್ಲಿ ಒಂದೇ ಸಮುದಾಯದವರು ತುಂಬಿದ್ದಾರೆ ಎಂಬ ಅಸಮಾಧಾನ ಸಂಸ್ಥಾನದಲ್ಲಿ ಬೆಳೆಯಿತು. ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಮುಂತಾದವರು ಮಹಾರಾಜರಿಗೆ ಅಹವಾಲು ಸಲ್ಲಿಸಿದರು. 1918ರಲ್ಲಿ ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚಿಸಿದರು. 1919ರಲ್ಲಿ ವರದಿ ಬಂತು. ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಕನಿಷ್ಠ ಅರ್ಧದಷ್ಟು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು, ಅದಕ್ಕಾಗಿ ಆ ಸಮುದಾಯಗಳ ಮಕ್ಕಳಿಗೆ ವಿದ್ಯಾರ್ಥಿವೇತನ, ಶಿಕ್ಷಣದ ಅನುಕೂಲ ಕಲ್ಪಿಸಬೇಕು ಎಂದು ಸಮಿತಿ ಹೇಳಿತು. 1921ರಲ್ಲಿ ಆದೇಶ ಹೊರಟಿತು. ಇಡೀ ದೇಶದಲ್ಲೇ ಬಹಳ ಮೊದಲಿನ ಪ್ರಯತ್ನಗಳಲ್ಲಿ ಇದೂ ಒಂದು.

ವಿಶ್ವೇಶ್ವರಯ್ಯನವರು ಈ ಕ್ರಮವನ್ನು ಒಪ್ಪಲಿಲ್ಲ. ಅರ್ಹತೆಯೊಂದೇ ಅಳತೆಯಾಗಬೇಕು, ಎಲ್ಲರಿಗೂ ಶಿಕ್ಷಣ ಹರಡಿದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂಬುದು ಅವರ ನಿಲುವಾಗಿತ್ತು. 1918ರ ಕೊನೆಗೆ ಅವರು ದಿವಾನಗಿರಿ ಬಿಟ್ಟರು. ಈ ಭಿನ್ನಾಭಿಪ್ರಾಯವೂ ಅದಕ್ಕೆ ಕಾರಣ. ವಿಶ್ವವಿದ್ಯಾಲಯ ಕಟ್ಟಿದ ದಿವಾನರಿಗೂ, ಅದರ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿಲ್ಲ ಎಂದ ಸಮುದಾಯಗಳಿಗೂ ನಡುವಿನ ಈ ವಾದ ಇಂದಿಗೂ ಮುಗಿದಿಲ್ಲ. ಇಬ್ಬರ ಮಾತಿನಲ್ಲೂ ನಾವು ಕಲಿಯಬೇಕಾದದ್ದು ಇದೆ. ಅರ್ಹತೆ ಇಲ್ಲದೆ ಅವಕಾಶ ಉಳಿಯುವುದಿಲ್ಲ. ಅವಕಾಶ ಇಲ್ಲದೆ ಅರ್ಹತೆ ಬೆಳೆಯುವುದೂ ಇಲ್ಲ.

ಅದೇ ಹೊತ್ತಿನಲ್ಲಿ ಸಮುದಾಯಗಳು ಸರ್ಕಾರದ ಕಡೆ ಮಾತ್ರ ನೋಡುತ್ತಾ ಕೂರಲಿಲ್ಲ. ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ 1906ರಲ್ಲಿ ಸ್ಥಾಪನೆಯಾಯಿತು. ಬಿಜಾಪುರದಲ್ಲಿ ಬಿ.ಎಲ್.ಡಿ.ಇ. 1910ರಲ್ಲಿ, ಬೆಳಗಾವಿಯಲ್ಲಿ ಕೆ.ಎಲ್.ಇ. 1916ರಲ್ಲಿ ಆರಂಭವಾದವು. ಕರಾವಳಿಯ ಭಟ್ಕಳದಲ್ಲಿ ಮುಸ್ಲಿಮರು 1919ರಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಕಟ್ಟಿದರು. ಅದು ಮುಂದೆ ಶಾಲೆಯಿಂದ ಇಂಜಿನಿಯರಿಂಗ್ ಕಾಲೇಜಿನವರೆಗೆ ಬೆಳೆಯಿತು. ಹೆಣ್ಣುಮಕ್ಕಳಿಗಾಗಿ ಬೆಂಗಳೂರಿನಲ್ಲಿ ಮಹಾರಾಣಿ ಕಾಲೇಜು ಆರಂಭವಾದದ್ದು 1938ರಲ್ಲಿ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ.

1964: ಎರಡು ವಿಶ್ವವಿದ್ಯಾಲಯಗಳು

ಸ್ವಾತಂತ್ರ್ಯದ ನಂತರ ಬೆಂಗಳೂರು ಬೆಳೆಯತೊಡಗಿತು. ಮೈಸೂರಿನಲ್ಲಿ ಕುಳಿತು ಬೆಂಗಳೂರಿನ ಕಾಲೇಜುಗಳನ್ನು ನೋಡಿಕೊಳ್ಳುವುದು ಕಷ್ಟವಾಯಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಸೆಂಟ್ರಲ್ ಕಾಲೇಜು ಮತ್ತು ಇಂಜಿನಿಯರಿಂಗ್ ಕಾಲೇಜು ಅದರ ತಿರುಳಾದವು. 1973ರಿಂದ ಮೈಸೂರು ರಸ್ತೆಯ ಬಳಿಯ ಜ್ಞಾನಭಾರತಿ ಆವರಣ ಬೆಳೆಯಿತು.

ಅದೇ 1964ರಲ್ಲಿ ನಮ್ಮ ಬಳ್ಳಾರಿ ರಸ್ತೆಯಲ್ಲಿ ಇನ್ನೊಂದು ಮಹತ್ವದ ಸಂಸ್ಥೆ ಹುಟ್ಟಿತು. ಹೆಬ್ಬಾಳದಲ್ಲಿ ಹಿಂದಿನಿಂದಲೂ ಸರ್ಕಾರಿ ಕೃಷಿ ಪ್ರಯೋಗ ಕ್ಷೇತ್ರವಿತ್ತು. 1946ರಲ್ಲಿ ಅಲ್ಲಿ ಕೃಷಿ ಕಾಲೇಜು, 1958ರಲ್ಲಿ ಪಶುವೈದ್ಯಕೀಯ ಕಾಲೇಜು ಆರಂಭವಾದವು. ಇವುಗಳನ್ನೇ ಆಧಾರವಾಗಿಟ್ಟುಕೊಂಡು ಕೃಷಿ ವಿಶ್ವವಿದ್ಯಾಲಯ ರೂಪುಗೊಂಡಿತು. 1964ರ ಆಗಸ್ಟ್ 21ರಂದು ಅದನ್ನು ಉದ್ಘಾಟಿಸಿದವರು ಅಂದಿನ ಉಪರಾಷ್ಟ್ರಪತಿ ಡಾ. ಝಾಕಿರ್ ಹುಸೇನ್. ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾವನ್ನು ಬಡತನದ ದಿನಗಳಲ್ಲಿ ಕೈಹಿಡಿದು ನಡೆಸಿದ, ಕೈಕೆಲಸವನ್ನೂ ಓದನ್ನೂ ಜೋಡಿಸಬೇಕೆಂದು ಗಾಂಧೀಜಿಯವರೊಂದಿಗೆ ಬುನಾದಿ ಶಿಕ್ಷಣದ ಯೋಜನೆ ರೂಪಿಸಿದ ಶಿಕ್ಷಣ ತಜ್ಞ ಅವರು. ರೈತರಿಗಾಗಿ ಕಟ್ಟಿದ ವಿಶ್ವವಿದ್ಯಾಲಯವನ್ನು ಉದ್ಘಾಟಿಸಲು ಅವರಿಗಿಂತ ಯೋಗ್ಯರು ಸಿಗುತ್ತಿರಲಿಲ್ಲ. 1969ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಗಾಂಧಿ ಕೃಷಿ ವಿಜ್ಞಾನ ಕೇಂದ್ರದ, ಅಂದರೆ ಜಿ.ಕೆ.ವಿ.ಕೆ. ಆವರಣವನ್ನು ಉದ್ಘಾಟಿಸಿದರು. ಇಂದು ಅದೇ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ ಇದೆ. ಹತ್ತಿರದ ಜಕ್ಕೂರಿನಲ್ಲಿ 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ. ದಿನಾಲೂ ಅವುಗಳ ಗೇಟಿನ ಮುಂದೆ ಬಸ್ಸಿನಲ್ಲಿ ಹಾದುಹೋಗುವ ನಮ್ಮ ವಿದ್ಯಾರ್ಥಿಗಳು ಒಮ್ಮೆಯಾದರೂ ಒಳಗೇನು ನಡೆಯುತ್ತದೆ ಎಂದು ವಿಚಾರಿಸಿದ್ದಾರೆಯೇ?

ಅಲ್-ಅಮೀನ್ ತೋರಿದ ದಾರಿ

1966ರಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಅವರು ಬೆಂಗಳೂರಿನಲ್ಲಿ ಅಲ್-ಅಮೀನ್ ಎಜುಕೇಶನಲ್ ಸೊಸೈಟಿಯನ್ನು ಸ್ಥಾಪಿಸಿದರು. ತಿರುಚಿನಾಪಳ್ಳಿಯಲ್ಲಿ 1935ರಲ್ಲಿ ಹುಟ್ಟಿ, ವೈದ್ಯಕೀಯ ಓದಿ ಬೆಂಗಳೂರಿಗೆ ಬಂದ ಅವರಿಗೆ ಆಗ ಮೂವತ್ತರ ಆಸುಪಾಸು. ಕೈತುಂಬ ಸಂಪಾದಿಸಬಹುದಾಗಿದ್ದ ವೈದ್ಯರು ಕಾಲೇಜು ಕಟ್ಟಲು ಹೊರಟಾಗ ಹುಬ್ಬೇರಿಸಿದವರು ಅನೇಕರಿರಬಹುದು. ಆದರೆ ಹೊಸೂರು ರಸ್ತೆಯ ಅಲ್-ಅಮೀನ್ ಕಾಲೇಜು ಬೆಳೆಯಿತು. ಅದರ ನೆರಳಿನಲ್ಲಿ ಶಾಲೆಗಳು, ಔಷಧ ವಿಜ್ಞಾನ ಕಾಲೇಜು, ಬಿಜಾಪುರದಲ್ಲಿ ವೈದ್ಯಕೀಯ ಕಾಲೇಜು ಎಲ್ಲವೂ ಬಂದವು. ಅವರು 2021ರ ಮೇ ತಿಂಗಳಲ್ಲಿ ನಿಧನರಾದರು.

ಅಲ್-ಅಮೀನ್‌ನ ದೊಡ್ಡ ಕೊಡುಗೆ ಎಂದರೆ ಕಟ್ಟಡಗಳಿಗಿಂತ ಹೆಚ್ಚಾಗಿ, 'ನಮ್ಮಿಂದಲೂ ಆಗುತ್ತದೆ' ಎಂಬ ಧೈರ್ಯ. ಆ ಬಳಿಕ ರಾಮನಗರದಲ್ಲಿ ಘೌಸಿಯಾ ಇಂಜಿನಿಯರಿಂಗ್ ಕಾಲೇಜು, ಗುಲ್ಬರ್ಗಾದಲ್ಲಿ ಖ್ವಾಜಾ ಬಂದೇನವಾಝ್ ಸಂಸ್ಥೆಗಳು, ಉತ್ತರ ಬೆಂಗಳೂರಿನ ನಾಗವಾರದಲ್ಲಿ 1997ರಲ್ಲಿ ಎಚ್.ಕೆ.ಬಿ.ಕೆ. ಇಂಜಿನಿಯರಿಂಗ್ ಕಾಲೇಜು ಬಂದವು. ಗುಲ್ಬರ್ಗಾದ ಸಂಸ್ಥೆ 2018ರಲ್ಲಿ ವಿಶ್ವವಿದ್ಯಾಲಯವೇ ಆಯಿತು. ಸೆಂಟ್ರಲ್ ಮುಸ್ಲಿಂ ಅಸೋಸಿಯೇಷನ್ ನಡೆಸುವ ಅಬ್ಬಾಸ್ ಖಾನ್ ಮಹಿಳಾ ಕಾಲೇಜು ಶಹರದ ಹಳೆಯ ಪೇಟೆಯ ಹೆಣ್ಣುಮಕ್ಕಳನ್ನು ಪದವಿಯವರೆಗೆ ತಂದಿತು.

ಹುಣಸಮಾರನಹಳ್ಳಿಗೆ ಕಾಲೇಜು ಬಂದದ್ದು

1980ರ ದಶಕದಲ್ಲಿ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅಲೆ ಎದ್ದಿತು. ಕರ್ನಾಟಕಕ್ಕೆ ಹೊರರಾಜ್ಯಗಳಿಂದ ವಿದ್ಯಾರ್ಥಿಗಳು ಬರತೊಡಗಿದರು. ಹಾಗೆಯೇ 'ಡೊನೇಷನ್' ಎಂಬ ಪದವೂ ಮನೆಮಾತಾಯಿತು. 1984ರಲ್ಲಿ ರಾಜ್ಯ ಸರ್ಕಾರ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾನೂನು ತಂದಿತು. 1986ರಲ್ಲಿ ಶ್ರೀ ಕೃಷ್ಣದೇವರಾಯ ಎಜುಕೇಶನಲ್ ಟ್ರಸ್ಟ್ ಹುಣಸಮಾರನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ತಾಂತ್ರಿಕ ವಿದ್ಯಾಲಯವನ್ನು ಆರಂಭಿಸಿತು. 1992ರಲ್ಲಿ ಅದೇ ಊರಿನಲ್ಲಿ ಕೃಷ್ಣದೇವರಾಯ ದಂತ ವೈದ್ಯಕೀಯ ಕಾಲೇಜು ಬಂತು. ಮನೆಪಾಠ ಹೇಳಿ ಓದಿದ ಮುದ್ದೇನಹಳ್ಳಿಯ ಹುಡುಗನ ಹೆಸರಿನ ಕಾಲೇಜು ಅವನ ಊರಿನ ಹಾದಿಯಲ್ಲೇ ತಲೆಯೆತ್ತಿತು.

ಪ್ರವೇಶದ ನಿಯಮಗಳನ್ನು ನ್ಯಾಯಾಲಯಗಳು ರೂಪಿಸಿದ್ದೂ ಇದೇ ಕಾಲದಲ್ಲಿ. 1992ರ ಮೋಹಿನಿ ಜೈನ್ ಪ್ರಕರಣ ಕರ್ನಾಟಕದ ಕಾಲೇಜು ಶುಲ್ಕದಿಂದಲೇ ಹುಟ್ಟಿದ್ದು. 1993ರ ಉನ್ನಿಕೃಷ್ಣನ್ ತೀರ್ಪಿನ ನಂತರ ಸರ್ಕಾರಿ ಶುಲ್ಕದ ಸೀಟು, ಹೆಚ್ಚಿನ ಶುಲ್ಕದ ಸೀಟು ಎಂಬ ವಿಂಗಡಣೆ ಬಂದು, ಸಿಇಟಿ ಮೂಲಕ ಹಂಚಿಕೆ ಗಟ್ಟಿಯಾಯಿತು. 2002ರ ಅಕ್ಟೋಬರ್ 31ರಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಸಂವಿಧಾನದ 30ನೇ ವಿಧಿಯಡಿ ಅಲ್ಪಸಂಖ್ಯಾತರು ತಮ್ಮ ಇಚ್ಛೆಯ ವಿದ್ಯಾಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕನ್ನು ಅದು ಎತ್ತಿಹಿಡಿಯಿತು. ಯಾರು ಅಲ್ಪಸಂಖ್ಯಾತರು ಎಂಬುದನ್ನು ಆಯಾ ರಾಜ್ಯದ ಲೆಕ್ಕದಲ್ಲಿ ನೋಡಬೇಕು ಎಂದಿತು. ಹಕ್ಕು ಇದೆ ಎಂದಮಾತ್ರಕ್ಕೆ ಗುಣಮಟ್ಟದ ಹೊಣೆ ತಪ್ಪುವುದಿಲ್ಲ ಎಂಬುದನ್ನೂ ಅದು ಸ್ಪಷ್ಟಪಡಿಸಿತು.

ಆಮೇಲೆ ವಿಶ್ವವಿದ್ಯಾಲಯಗಳೂ ವಿಷಯವಾರು ಹಂಚಿಹೋದವು. ವೈದ್ಯಕೀಯ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ, ಇಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಸೇರಿದವು. ಹಾಗಾಗಿ ಹುಣಸಮಾರನಹಳ್ಳಿಯೆಂಬ ಒಂದೇ ಊರಿನ ಎರಡು ಕಾಲೇಜುಗಳು ಎರಡು ಬೇರೆ ವಿಶ್ವವಿದ್ಯಾಲಯಗಳ ಅಡಿಯಲ್ಲಿ ಬಂದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಈ ರಸ್ತೆಯ ಚಹರೆಯೇ ಬದಲಾಯಿತು. 2012ರಲ್ಲಿ ಕಟ್ಟಿಗೇನಹಳ್ಳಿಯ ರೇವಾ ಖಾಸಗಿ ವಿಶ್ವವಿದ್ಯಾಲಯವಾಯಿತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಭಾಗವಾಯಿತು. ಒಂದು ಜ್ಞಾನಭಾರತಿಯಲ್ಲೇ ಉಳಿಯಿತು. ಇನ್ನೊಂದಕ್ಕೆ ಹಳೆಯ ಸೆಂಟ್ರಲ್ ಕಾಲೇಜೇ ಕೇಂದ್ರವಾಯಿತು. ಮೂರನೆಯದಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದಲ್ಲಿ ನೆಲೆಯೂರಿತು. ಆದ್ದರಿಂದ ಪ್ರಿಯ ವಿದ್ಯಾರ್ಥಿಗಳೇ, ಕಾಲೇಜಿಗೆ ಸೇರುವ ಮುನ್ನ ಕಟ್ಟಡದ ಅಂದ ನೋಡಿ ಮರುಳಾಗಬೇಡಿ. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು, ಸೀಟು ಯಾವ ಬಗೆಯದು, ನಾಲ್ಕು ವರ್ಷಕ್ಕೆ ಒಟ್ಟು ಖರ್ಚೆಷ್ಟು ಎಂಬ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಿ.

ಲೆಕ್ಕ ಏನು ಹೇಳುತ್ತದೆ?

ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ವರದಿಯಂತೆ ದೇಶದ ಎಲ್ಲ ಜಿಲ್ಲೆಗಳ ಪೈಕಿ ಅತಿ ಹೆಚ್ಚು ಕಾಲೇಜುಗಳಿರುವುದು ಬೆಂಗಳೂರು ನಗರ ಜಿಲ್ಲೆಯಲ್ಲಿ. ಅಲ್ಲಿರುವ ಕಾಲೇಜುಗಳು 1,106. ಅದೇ ವರದಿಯಂತೆ ದೇಶದ ಉನ್ನತ ಶಿಕ್ಷಣದಲ್ಲಿದ್ದ ಸುಮಾರು 4.33 ಕೋಟಿ ವಿದ್ಯಾರ್ಥಿಗಳಲ್ಲಿ ಮುಸ್ಲಿಮರು ಸುಮಾರು 21 ಲಕ್ಷ, ಅಂದರೆ ನೂರಕ್ಕೆ ಐದೂ ಇಲ್ಲ. 2011ರ ಜನಗಣತಿಯಲ್ಲಿ ಮುಸ್ಲಿಮರ ಪಾಲು ಶೇ. 14.2.

ಇನ್ನೊಂದು ಲೆಕ್ಕ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಬೇಕು. 2001ರ ಜನಗಣತಿಯಲ್ಲಿ ಕರ್ನಾಟಕದ ಮುಸ್ಲಿಮರ ಸಾಕ್ಷರತೆ ಶೇ. 70.1, ರಾಜ್ಯದ ಸರಾಸರಿ ಶೇ. 66.6. ಅಂದರೆ ಅಕ್ಷರ ಕಲಿಯುವುದರಲ್ಲಿ ನಾವು ಹಿಂದೆ ಬಿದ್ದಿರಲಿಲ್ಲ. 2006ರಲ್ಲಿ ಬಂದ ಸಾಚಾರ್ ವರದಿ ಮಾತ್ರ ದೇಶದ ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ 25ಕ್ಕೆ ಒಬ್ಬ, ಸ್ನಾತಕೋತ್ತರ ತರಗತಿಗಳಲ್ಲಿ 50ಕ್ಕೆ ಒಬ್ಬ ಮುಸ್ಲಿಂ ವಿದ್ಯಾರ್ಥಿ ಇದ್ದಾನೆ ಎಂದಿತು. ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಕಾಲೇಜಿನ ಗೇಟು ಬರುವ ಮೊದಲೇ ದಾರಿಯಲ್ಲಿ ಉಳಿದುಬಿಡುತ್ತಿದ್ದಾರೆ. ಹುಡುಗ ಹತ್ತನೇ ತರಗತಿ ಮುಗಿಸಿ ಗ್ಯಾರೇಜಿಗೋ, ಅಂಗಡಿಗೋ ಸೇರುತ್ತಾನೆ. ಹುಡುಗಿ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದರೂ 'ದೂರ' ಎಂಬ ಒಂದು ಮಾತಿಗೆ ಮನೆಯಲ್ಲೇ ಉಳಿಯುತ್ತಾಳೆ. ಕಾಲೇಜು ಮನೆಯ ಹತ್ತಿರವೇ ಬಂದಿರುವ ಉತ್ತರ ಬೆಂಗಳೂರಿನಲ್ಲಿ ಆ ಮಾತಿಗೆ ಇನ್ನೂ ಅರ್ಥ ಉಳಿದಿದೆಯೇ?

ಸರ್ಕಾರದ ನೆರವನ್ನು ನಂಬಿ ಕೂರುವ ಹಾಗೂ ಇಲ್ಲ. ಸಂಶೋಧನಾ ವಿದ್ಯಾರ್ಥಿಗಳಿಗೆ 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ಫೆಲೋಶಿಪ್ 2022-23ರಿಂದ ನಿಂತಿತು. ರಾಜ್ಯದಲ್ಲಿ ಪ್ರವರ್ಗ 2ಬಿ ಅಡಿ ಇದ್ದ ಶೇ. 4 ಮೀಸಲಾತಿಯನ್ನು ತೆಗೆಯುವ ಆದೇಶ 2023ರ ಮಾರ್ಚ್‌ನಲ್ಲಿ ಹೊರಟು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕೊಟ್ಟದ್ದು ಹೋಗಬಹುದು, ಹೋದದ್ದು ಮರಳಬಹುದು. ಕಲಿತ ವಿದ್ಯೆಯನ್ನು ಮಾತ್ರ ಯಾವ ಆದೇಶವೂ ಕಸಿಯಲಾರದು.

ಸಂಘದ ಮುಂದಿರುವ ಕೆಲಸ

ಈ ಇತಿಹಾಸ ನಮಗೆ ಹೇಳುವುದು ಇಷ್ಟೇ. ಕಾಲೇಜು ಇದ್ದರೆ ಸಾಲದು, ಮನೆಗೂ ಕಾಲೇಜಿಗೂ ನಡುವೆ ಒಂದು ಸೇತುವೆ ಬೇಕು. ವಿಶ್ವೇಶ್ವರಯ್ಯನವರಿಗೆ ಮನೆಪಾಠದ ಸಂಪಾದನೆ ಆ ಸೇತುವೆಯಾಯಿತು. 1919ರ ಹಿಂದುಳಿದ ಸಮುದಾಯಗಳಿಗೆ ವಿದ್ಯಾರ್ಥಿವೇತನ ಸೇತುವೆಯಾಗಲಿ ಎಂದು ಮಿಲ್ಲರ್ ಸಮಿತಿ ಬಯಸಿತು. 1966ರ ಬೆಂಗಳೂರಿಗೆ ಒಬ್ಬ ವೈದ್ಯರ ಹಟ ಸೇತುವೆಯಾಯಿತು.

ಎಲ್ಲ ಸಂಘಗಳೂ ಕಾಲೇಜು ಕಟ್ಟಬೇಕಾಗಿಲ್ಲ. ನಮ್ಮ ಕೈಲಾಗುವ ಕೆಲಸಗಳೂ ಕಡಿಮೆಯಿಲ್ಲ. ಪಿಯುಸಿ ಫಲಿತಾಂಶ ಬಂದ ವಾರವೇ ಮಸೀದಿಯ ಅಂಗಳದಲ್ಲೋ, ಶಾಲೆಯ ಕೋಣೆಯಲ್ಲೋ ಕುಳಿತು ಸಿಇಟಿ ಅರ್ಜಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲದ ಅರ್ಜಿ ತುಂಬಿಸಿಕೊಡುವುದು. ನಿಯಮಗಳು ವರ್ಷವರ್ಷವೂ ಬದಲಾಗುವುದರಿಂದ ಅವನ್ನು ತಿಳಿದವರೊಬ್ಬರು ಪ್ರತಿ ಮೊಹಲ್ಲಾದಲ್ಲೂ ಇರುವಂತೆ ನೋಡಿಕೊಳ್ಳುವುದು. ಮೊದಲ ವರ್ಷದ ಶುಲ್ಕ ಕಟ್ಟಲಾಗದೆ ಸೀಟು ಕೈಬಿಡುವ ಮಗುವಿಗೆ ಕರ್ಝೆ ಹಸನಾ, ಅಂದರೆ ಬಡ್ಡಿಯಿಲ್ಲದ ಸಾಲ ಕೊಡಲು ಒಂದು ನಿಧಿ ಇಡುವುದು. ಹೆಣ್ಣುಮಕ್ಕಳು ನಾಲ್ಕೈದು ಮಂದಿ ಜೊತೆಯಾಗಿ ಹೋಗಿಬರುವಂತೆ ಮನೆಯವರನ್ನು ಒಪ್ಪಿಸುವುದು. ಇಂಜಿನಿಯರಿಂಗ್ ಒಂದೇ ವಿದ್ಯೆಯಲ್ಲ, ಕೃಷಿ, ಪಶುವೈದ್ಯ, ಮೂಲ ವಿಜ್ಞಾನ, ಕಾನೂನು, ಕನ್ನಡ ಸಾಹಿತ್ಯವೂ ಬದುಕು ಕೊಡುತ್ತವೆ ಎಂದು ತಿಳಿಹೇಳುವುದು. ದೇವನಹಳ್ಳಿಯ ನಿಸಾರ್ ಅವರು ಕಲ್ಲುಗಳ ಶಾಸ್ತ್ರ ಓದಿಯೂ ಕನ್ನಡಿಗರೆಲ್ಲರ ಕವಿಯಾದದ್ದು ನಮ್ಮ ಕಣ್ಣಮುಂದಿದೆ.

ನಾಳೆ ಬೆಳಿಗ್ಗೆ ಹುಣಸಮಾರನಹಳ್ಳಿಯ ನಿಲ್ದಾಣದಲ್ಲಿ ಮತ್ತೆ ಬಸ್ಸು ನಿಲ್ಲುತ್ತದೆ. ನಿಮ್ಮ ಬೀದಿಯಲ್ಲಿ ಓದು ನಿಲ್ಲಿಸಿ ಮನೆಯಲ್ಲಿ ಕುಳಿತಿರುವ ಒಂದು ಮಗುವಿನ ಹೆಸರು ನಿಮಗೆ ಗೊತ್ತಿದ್ದರೆ, ಈ ಸಂಚಿಕೆ ಮುಚ್ಚಿಟ್ಟ ಮೇಲೆ ಆ ಮನೆಯ ಬಾಗಿಲು ತಟ್ಟಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಆ ಬಸ್ಸಿನಿಂದ ಇಳಿದವರ ಲೆಕ್ಕವನ್ನು ನಾವೆಲ್ಲ ಸೇರಿ ಬರೆಯೋಣ.